ಹೊರೆ ಇಳಿಸುವ ಕಲ್ಲು

ಹೊರೆ ಹೊರುವವರಿಗೆ ಎರಡೇ ಪ್ರಶ್ನೆ. ಎತ್ತಿಕೊಡುವವರು ಯಾರು? ಇಳಿಸುವುದು ಎಲ್ಲಿ? ಉಳಿದ ಪ್ರಶ್ನೆಗಳೆಲ್ಲ ಕೈ ಬೀಸಿಕೊಂಡು ನಡೆಯುವವರಿಗೆ ಸೇರಿದವು.

ಗುಮ್ಮಿ ದಿನವೂ ತಲೆಯ ಮೇಲೆ ಹೊರುತ್ತಿದ್ದುದು ಹೇಲಿನ ಡ್ರಮ್ಮು. ಅದಕ್ಕೆ ಆಫೀಸಿನಲ್ಲಿ ಬೇರೆ ಹೆಸರಿತ್ತು. ಮ್ಯಾನೇಜರು 'ತ್ಯಾಜ್ಯ' ಎನ್ನುತ್ತಿದ್ದರು. ಹಾಗೆನ್ನುವಾಗಲೂ ಮೂಗಿಗೆ ಕರ್ಚೀಫು ಹಿಡಿದಿರುತ್ತಿದ್ದರು. ಹೆಸರು ಬದಲಾದರೆ ನಾತ ಬದಲಾಗುವುದಿಲ್ಲ ಎಂಬುದು ಅವರ ಮೂಗಿಗೂ ಗೊತ್ತಿತ್ತು.

ಬೆಟ್ಟದ ಮೇಲೆ ಕೆರೆ. ಕೆರೆಯ ಸುತ್ತ ಪಾರ್ಕು. ಪಾರ್ಕಿನಲ್ಲಿ ಎಂಟು ಡೇರೆ. ಡೇರೆಗಳಲ್ಲಿ ಊರೂರುಗಳಿಂದ ಬಂದ ಗಿರಾಕಿಗಳು. ಗಿರಾಕಿ ಎಂದರೆ ಮೇಸ್ತ್ರಿ ಬೈಯುತ್ತಿದ್ದ. ಅತಿಥಿ ಎನ್ನಬೇಕಂತೆ. ಕೆರೆ ಎಂದರೂ ಬೈಯುತ್ತಿದ್ದ. ಸರೋವರ ಎನ್ನಬೇಕಂತೆ. ಅದೇ ಕೆರೆಯ ದಂಡೆಯಲ್ಲಿ ಗುಮ್ಮಿಯ ಮನೆಯಿತ್ತು, ಅವಳ ಜನರ ಮೂವತ್ತು ಮನೆಗಳಿದ್ದವು. ಪಾರ್ಕು ಮಾಡುವಾಗ ಅವರನ್ನೆಲ್ಲ ಎಬ್ಬಿಸಿ ಗೇಟಿನ ಕೆಳಗೆ ತಗಡಿನ ಸಾಲಿಗೆ ತಂದು ತುರುಕಿದರು. ಕೆಲಸ ಕೊಡುತ್ತೇವೆ ಎಂದಿದ್ದರು. ಕೊಟ್ಟರು. ಇದೇ ಆ ಕೆಲಸ.

ಕೆರೆಯ ನೀರು ಕೆಡಬಾರದೆಂದು ಡೇರೆಗಳ ಹತ್ತಿರ ಕಕ್ಕಸು ಗುಂಡಿ ತೋಡಿರಲಿಲ್ಲ. ಅದು ಸರಿಯೇ. ಆ ನೀರು ಕುಡಿದು ಬೆಳೆದ ಗುಮ್ಮಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂರುವ ಹಲಗೆಯ ಕೆಳಗೆ ಒಂದೊಂದು ಡ್ರಮ್ಮು ಇಟ್ಟಿದ್ದರು. ನಸುಕಿಗೂ ಮುಂಚೆ ನಾಲ್ವರು ಹೆಂಗಸರು ಅವನ್ನು ಎಳೆದು, ಮುಚ್ಚಳ ಹಾಕಿ, ಸಿಂಬೆಯ ಮೇಲೆ ಹೊತ್ತು, ಗುಡ್ಡದಾಚೆಯ ಗುಂಡಿಯಲ್ಲಿ ಸುರಿದು, ತೊಳೆದು ತಂದಿಡಬೇಕು. ಅತಿಥಿಗಳು ಏಳುವುದರೊಳಗೆ ಮುಗಿಯಬೇಕು. ಎದುರಿಗೆ ಯಾರಾದರೂ ಬಂದರೆ ದಾರಿ ಬಿಟ್ಟು ನಿಂತು ಗುಡ್ಡದ ಕಡೆ ಮುಖ ತಿರುಗಿಸಬೇಕು. ಇದು ಬರೆದಿಟ್ಟ ನಿಯಮ. ಗುಡ್ಡದ ಬಂಡೆಗಳಿಗೆ ಗುಮ್ಮಿಯ ಮುಖದ ಪರಿಚಯ ಇದ್ದಷ್ಟು ಪಾರ್ಕಿನ ಒಬ್ಬ ಮನುಷ್ಯನಿಗೂ ಇರಲಿಲ್ಲ.

ಗುಂಡಿಗೆ ಹೋಗಲು ಎರಡು ದಾರಿ. ಒಂದು ಕೆರೆಯ ದಂಡೆಯದು. ಸಮತಟ್ಟು, ಕಾಲು ಗಂಟೆಯ ನಡಿಗೆ. ಆ ದಾರಿಯ ನಡುವೆ ಹೊರೆ ಇಳಿಸುವ ಕಲ್ಲಿತ್ತು. ಅದನ್ನು ನೆಟ್ಟವನು ಗುಮ್ಮಿಯ ಮಾವ, ಗಂಡನ ಅಪ್ಪ, ಕಲ್ಲು ಒಡೆಯುತ್ತಿದ್ದವನು. ಎರಡು ಕಂಬ, ಮೇಲೊಂದು ಉದ್ದನೆಯ ಚಪ್ಪಡಿ. ಹೆಂಗಸಿನ ತಲೆಯ ಎತ್ತರಕ್ಕೆ ಸರಿಯಾಗಿ. ಅಳತೆಗೆ ಅವನು ತನ್ನ ಹೆಂಡತಿಯನ್ನೇ ಬಿಸಿಲಿನಲ್ಲಿ ನಿಲ್ಲಿಸಿಕೊಂಡಿದ್ದನಂತೆ, ಅವಳು ಸಂಜೆಯವರೆಗೂ ಬೈದಿದ್ದಳಂತೆ. ಕಲ್ಲಿಗೆ ಒತ್ತಿ ನಿಂತು ಕತ್ತು ತುಸು ಬಾಗಿಸಿದರೆ ಸಾಕು, ಹೊರೆ ತಾನಾಗಿ ಚಪ್ಪಡಿಗೆ ಜಾರುತ್ತದೆ. ಕೂತು, ಉಸಿರು ಬಿಟ್ಟು, ಬೆವರು ಒರೆಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡು ಹೊರಡಬಹುದು. ಎತ್ತಿಕೊಡಲು ಯಾರನ್ನೂ ಕೂಗಬೇಕಾಗಿಲ್ಲ. ಕಲ್ಲಿನವನಿಗೆ ಹೆಂಗಸರ ಕತ್ತಿನ ಕಷ್ಟ ಗೊತ್ತಿತ್ತು.

ಈಗ ಆ ಕಲ್ಲಿನ ಪಕ್ಕ ಬೋರ್ಡು ನಿಲ್ಲಿಸಿದ್ದರು. 'ಸರೋವರದ ಹೆಬ್ಬಾಗಿಲು. ಇಲ್ಲಿ ಫೋಟೋ ತೆಗೆದುಕೊಳ್ಳಿ.' ಅತಿಥಿಗಳು ಚಪ್ಪಡಿಯ ಕೆಳಗೆ ನಿಂತು, ಬೆನ್ನ ಹಿಂದೆ ಕೆರೆ ಬರುವ ಹಾಗೆ ಹಲ್ಲು ಕಿರಿಯುತ್ತಿದ್ದರು. ಹೋದ ವರ್ಷ ಒಬ್ಬರ ಫೋಟೋದಲ್ಲಿ ಡ್ರಮ್ಮು ಹೊತ್ತ ಗುಮ್ಮಿ ಸಿಕ್ಕಿಬಿದ್ದಳು. ಆ ಅತಿಥಿ ದೂರು ಬರೆದರು. ಮರುದಿನದಿಂದ ಡ್ರಮ್ಮಿನವರಿಗೆ ಕೆರೆಯ ದಾರಿ ಬಂದ್. ಹಿಂದಿನ ದಾರಿಯಲ್ಲಿ ಹೋಗಿ ಎಂದರು. ಹಿಂದಿನ ದಾರಿ ಎಂದರೆ ಗುಡ್ಡದ ಬೆನ್ನೇರಿ ಇಳಿಯುವ ಮೇಕೆಗಳ ಜಾಡು. ಜಾರುಗಲ್ಲು. ಒಂದು ಗಂಟೆಯ ದಾರಿ. ಅಲ್ಲಿ ಒಂದೇ ಒಂದು ಹೊರೆ ಇಳಿಸುವ ಕಲ್ಲಿಲ್ಲ.

ಹೊರೆ ಹೊತ್ತು ಗೊತ್ತಿಲ್ಲದವರಿಗೆ ಇದು ದೊಡ್ಡ ಮಾತಲ್ಲ. ನೆಲಕ್ಕೆ ಇಳಿಸಿ ಸುಧಾರಿಸಿಕೊಳ್ಳಬಾರದೇ ಎನ್ನುತ್ತಾರೆ. ತುಂಬಿದ ಡ್ರಮ್ಮನ್ನು ನೆಲದಿಂದ ತಲೆಗೆ ಒಬ್ಬಳೇ ಎತ್ತಿಕೊಳ್ಳಲು ಆಗುವುದಿಲ್ಲ. ಇಬ್ಬರು ಇಳಿಸಿದರೆ ಒಬ್ಬಳು ಇನ್ನೊಬ್ಬಳಿಗೆ ಎತ್ತಿಕೊಡಬಹುದು. ಆಮೇಲೆ ಆ ಒಬ್ಬಳಿಗೆ ಯಾರು ಎತ್ತಿಕೊಡಬೇಕು? ಚೆಲ್ಲಿದರೆ ಅದನ್ನು ಕೈಯಲ್ಲೇ ಬಾಚಬೇಕು. ಆದ್ದರಿಂದ ಹಿಂದಿನ ದಾರಿಯಲ್ಲಿ ಯಾರೂ ಇಳಿಸುತ್ತಿರಲಿಲ್ಲ. ಕತ್ತಿನ ನರ ಹೊಸೆದುಕೊಂಡರೂ ನಡೆಯುತ್ತಿದ್ದರು.

ನಾಲ್ಕು ದಿನದ ಹಿಂದೆ ಆ ದಾರಿಯ ಇಳಿಜಾರಿನಲ್ಲಿ ಗಿರಣಿ ಬಿದ್ದಳು.

ಗಿರಣಿ ಗುಮ್ಮಿಯ ನಾದಿನಿ. ಗಂಡನ ತಂಗಿ. ಗುಮ್ಮಿಯ ಗಂಡ ಸತ್ತು ಆರು ವರ್ಷ. ಗಿರಣಿ ತನ್ನ ಗಂಡನನ್ನು ಬಿಟ್ಟು ಬಂದು ಐದು ವರ್ಷ. ಒಂದೇ ತಗಡಿನ ಮನೆಯಲ್ಲಿ ಇಬ್ಬರೂ ಇದ್ದರು. ಒಬ್ಬಳು ಬಾಯಿ ಬಿಡುವುದಿಲ್ಲ, ಅದಕ್ಕೆ ಗುಮ್ಮಿ. ಇನ್ನೊಬ್ಬಳ ಬಾಯಿ ನಿಲ್ಲುವುದಿಲ್ಲ, ಅದಕ್ಕೆ ಗಿರಣಿ. ಇಬ್ಬರನ್ನೂ ಅರೆದು ಕಲಸಿದರೆ ಸರಿಯಾದ ಇಬ್ಬರು ಹೆಂಗಸರಾಗುತ್ತಾರೆ ಎಂದು ಸಾಲಿನವರು ನಗುತ್ತಿದ್ದರು.

ಅಂದು ಗುಮ್ಮಿ ಮುಂದೆ, ಗಿರಣಿ ಹಿಂದೆ. ಗಿರಣಿಗೆ ಮುನ್ನಾದಿನದಿಂದ ಜ್ವರ.

"ಅತ್ತಿಗೆ, ಕಾಲು ನಡುಗ್ತಿದೆ. ಒಂದು ಗಳಿಗೆ ಇಳಿಸೋಣ."

"ಇಳಿಸಿದ್ರೆ ಎತ್ತಿಕೊಡೋರ್ಯಾರು? ನಡಿ," ಎಂದಳು ಗುಮ್ಮಿ. ಅವಳು ತಿರುಗಿಯೂ ನೋಡಲಿಲ್ಲ. ಹೊರೆ ಹೊತ್ತವರು ತಿರುಗಿ ನೋಡುವುದಿಲ್ಲ.

ಹತ್ತು ಹೆಜ್ಜೆ. ಆಮೇಲೆ ಹಿಂದಿನಿಂದ ಸದ್ದು. ಮೊದಲು ಡ್ರಮ್ಮಿನದು, ಆಮೇಲೆ ಮನುಷ್ಯರದು. ಗಿರಣಿ ಕಲ್ಲಿನ ಮೇಲೆ ಸೊಂಟ ಕೊಟ್ಟು ಬಿದ್ದಿದ್ದಳು. ಮೈತುಂಬ ಅತಿಥಿಗಳ ಹೇಲು. ಅವಳನ್ನು ತೊಳೆಯದೆ ಮುಟ್ಟಲು ಬರುತ್ತಿರಲಿಲ್ಲ, ಮುಟ್ಟದೆ ತೊಳೆಯಲು ಬರುತ್ತಿರಲಿಲ್ಲ. ಗುಮ್ಮಿ ತನ್ನ ಡ್ರಮ್ಮನ್ನು ಎಸೆದು ಬರಿಗೈಯಲ್ಲಿ ಅವಳ ಬಾಯಿ, ಮೂಗು ಬಾಚಿ ಒರೆಸಿದಳು.

ಪ್ರಜ್ಞೆ ತಪ್ಪಿದವಳನ್ನು ಸಾಲಿನವರು ಮನೆಗೆ ಹೊತ್ತು ತಂದರು. ನರ್ಸಮ್ಮ ಬಂದು ನೋಡಿದರು. "ಸೊಂಟದ ಮೂಳೆ ಮುರಿದಿದೆ. ಬೇಗ ದೊಡ್ಡಾಸ್ಪತ್ರೆಗೆ ಸೇರಿಸಿ. ತಡ ಮಾಡಿದ್ರೆ ಇವಳು ಮತ್ತೆ ಎದ್ದು ನಡೆಯಲ್ಲ," ಎಂದರು. ಬಸ್ಸು ನಿಲ್ಲುವುದು ಬೆಟ್ಟದ ಬುಡದಲ್ಲಿ. ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಹೊತ್ತು ನೋಡಿದರು. ಹತ್ತು ಹೆಜ್ಜೆಗೇ ಗಿರಣಿ ಚೀರಿದ ಚೀರಾಟಕ್ಕೆ ಹೊತ್ತವರ ಕೈ ಸೋತವು. ಉಳಿದದ್ದು ಪಾರ್ಕಿನ ಜೀಪು. ಅದು ಅತಿಥಿಗಳಿಗೆ ಮಾತ್ರ. ಅದೇ ದಿನ ಅದು ಎರಡು ಸಲ ಪೇಟೆಗೆ ಹೋಗಿ ಬಂತು. ಐಸು ಮುಗಿದಿತ್ತಂತೆ.

ಮೂರು ದಿನ ಗುಮ್ಮಿ ಆಫೀಸಿನ ಬಾಗಿಲಿಗೆ ಹೋಗಿ ನಿಂತಳು. ಮೂರನೆಯ ದಿನ ಮ್ಯಾನೇಜರು ಒಳಗೆ ಕರೆದರು. ಒಳಗೆ ಎಂದರೆ ಕಾಲೊರೆಸಿನವರೆಗೆ. ಮೇಜಿನ ಮೇಲಿನ ಕಾಗದವನ್ನು ಪೆನ್ನಿನ ತುದಿಯಿಂದ ಅವಳತ್ತ ತಳ್ಳಿದರು.

"ಓದೋಕೆ ಬರುತ್ತಾ?"

"ಬರುತ್ತೆ."

ಬರುವುದಿಲ್ಲ ಎಂದುಕೊಂಡಿದ್ದರೋ ಏನೋ, ಅವರ ಹುಬ್ಬು ಮೇಲೇರಿತು. ಗುಮ್ಮಿ ಓದಿದಳು. ನನ್ನ ನಾದಿನಿ ಕೆಲಸದ ಹೊತ್ತಿನಲ್ಲಿ ಬೀಳಲಿಲ್ಲ, ಮನೆಗೆ ಸೌದೆ ತರಲು ಹೋಗಿ ಬಿದ್ದಳು, ನಾನು ಕಣ್ಣಾರೆ ಕಂಡೆ. ಕೆಳಗೆ ಅವಳ ಸಹಿಗೆ ಜಾಗ.

"ಸಾರ್, ಅವಳು ಡ್ರಮ್ಮು ಹೊತ್ತು ಬಿದ್ದಿದ್ದು."

"ನೋಡಮ್ಮ. ಕೆಲಸದಲ್ಲಿ ಬಿದ್ದಳು ಅಂದ್ರೆ ವಿಚಾರಣೆಗೆ ಬರ್ತಾರೆ. ಆ ದಾರಿ ಯಾಕೆ, ಈ ಡ್ರಮ್ಮು ಯಾಕೆ ಅಂತ ನೂರೆಂಟು ಕೇಳ್ತಾರೆ. ಕ್ಯಾಂಪೇ ಮುಚ್ಚಿಸಿದ್ರೂ ಮುಚ್ಚಿಸಿದ್ರು. ಆಗ ನಿಮ್ಮೆಲ್ಲರ ಹೊಟ್ಟೆಗೆ ಏನು? ನೀನು ಸಹಿ ಹಾಕು. ಜೀಪು ಈಗಲೇ ಕಳಿಸ್ತೀನಿ."

"ಸಹಿ ಹಾಕಿದ ಮೇಲೆ ಅವಳ ಆಸ್ಪತ್ರೆ ಖರ್ಚು?"

"ಅದು ನಿಮ್ಮ ಮನೆ ವಿಷಯ. ಯೋಚನೆ ಮಾಡು. ಬೆಳಗ್ಗೆವರೆಗೂ ಟೈಮ್ ಇದೆ." ಅವರು ಕಿಟಕಿ ತೆರೆದರು. ಕಿಟಕಿಯ ಆಚೆ ಕೆರೆ ಕಾಣುತ್ತಿತ್ತು.

ಗುಮ್ಮಿ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದಳು.

ಗಿರಣಿ ಬಾಗಿಲ ಹಲಗೆಯ ಮೇಲೆ ಮಲಗಿದ್ದಳು. ಬಾಗಿಲಿಗೆ ಗೋಣಿ ಕಟ್ಟಿದ್ದರು. ಕಾಲು ಊದಿ ಮಿಣಮಿಣ ಹೊಳೆಯುತ್ತಿತ್ತು. ಗುಮ್ಮಿ ಅವಳ ಕೆಳಗೆ ಹಳೆಯ ತಟ್ಟೆ ಸರಿಸಿದಳು. ಸರಿಸುವಾಗ ಗಿರಣಿ ಹಲ್ಲು ಕಚ್ಚಿ ಸೀರೆಯ ಸೆರಗನ್ನೇ ಹರಿದಳು.

"ಊರವರದೆಲ್ಲ ಹೊತ್ತಿದ್ದು ಸಾಲದು ಅಂತ ಈಗ ನಂದೂ ಹೊರೋಕೆ ಬಂತಾ ಅತ್ತಿಗೆ ನಿನಗೆ?" ಎಂದು ನಗಲು ಹೋದಳು. ನಗು ಅರ್ಧಕ್ಕೇ ಅಳುವಾಯಿತು. ಗಂಡನ ಯಾವ ಹೊಡೆತಕ್ಕೂ ಅಳದವಳು ಒಂದು ತಟ್ಟೆಗೆ ಅತ್ತಳು.

ಗುಮ್ಮಿ ತೊಳೆದಿಟ್ಟು ಬಂದು ಕಾಗದ ಓದಿ ಹೇಳಿದಳು. ಗಿರಣಿ ಕೇಳಿಸಿಕೊಂಡಳು.

"ಸಹಿ ಹಾಕಿಬಿಡ್ತೀನಿ," ಎಂದಳು ಗುಮ್ಮಿ. "ಜೀಪು ಬರ್ಲಿ. ನೀನು ನಡೆದ್ರೆ ಸಾಕು."

"ನಾನು ಎಲ್ಲಿ ಬಿದ್ದೆ ಅಂತ ನನ್ನ ಸೊಂಟಕ್ಕೆ ಗೊತ್ತು. ಕಾಗದಕ್ಕೇನು ಗೊತ್ತು?"

"ಸೊಂಟ ಮುರಿದಿದೆಯಲ್ಲೇ."

"ಮುರಿದಿರೋದು ನಂದು. ನಿಂದು ನೆಟ್ಟಗಿದೆ ತಾನೇ? ಸೌದೆಗೆ ಹೋಗಿ ಬಿದ್ದೆ ಅಂತ ಬರ್ಕೊಟ್ರೆ ಆಸ್ಪತ್ರೇಲಿ ನನ್ನ ಯಾರು ನೋಡ್ತಾರೆ? ಬಾಗಿಲವರೆಗೂ ಜೀಪು, ಆಮೇಲೆ ಬೀದಿ. ನಾಳೆ ನಮ್ಮ ಜೊತೆ ಹೊರೋ ಕುಳ್ಳಿ ಬಿದ್ರೂ ಸೌದೆಗೇ ಹೋಗಿರ್ತಾಳೆ. ನಾಡಿದ್ದು ನೀನು ಬಿದ್ರೆ ನೀನೂ ಸೌದೆಗೇ. ಈ ಬೆಟ್ಟದಲ್ಲಿ ಅಷ್ಟು ಸೌದೆ ಎಲ್ಲಿದೆ ಹೇಳು!"

ಗುಮ್ಮಿ ತಲೆ ತಗ್ಗಿಸಿದಳು.

"ಇಳಿಸೋಣ ಅಂದೆ ನೀನು. ನಾನೇ ನಡಿ ಅಂದೆ."

"ಹೂಂ. ಅಂದೆ. ಎತ್ತಿಕೊಡೋರು ಇರ್ಲಿಲ್ಲ, ಅಂದೆ. ನಾನಿದ್ರೂ ಅದನ್ನೇ ಅಂತಿದ್ದೆ." ಗಿರಣಿ ಅವಳ ಮೊಣಕೈ ಹಿಡಿದುಕೊಂಡಳು. "ಆ ದಾರೀಲಿ ನಡೀರಿ ಅಂದೋರ್ಯಾರು? ಅಪ್ಪ ಕಲ್ಲು ನೆಟ್ಟಿದ್ದು ನಮ್ಮ ತಲೆ ಅಳತೆಗೆ. ಅವರು ಅದರ ಕೆಳಗೆ ನಿಂತು ಹಲ್ಲು ಕಿರೀಲಿ ಅಂತ ಅಲ್ಲ."

ಆ ಮಾತು ಗುಮ್ಮಿಯ ಎದೆಯಲ್ಲಿ ಕೂತಿತು. ಅವಳು ಒಲೆ ಹಚ್ಚಿ ಗಂಜಿ ಕಾಯಿಸಿ, ಚಮಚದಲ್ಲಿ ಗಿರಣಿಯ ಬಾಯಿಗೆ ಹಾಕಿದಳು.

ಮರುದಿನ ಬೆಳಗ್ಗೆ ಮೂವರೇ ಕೆಲಸಕ್ಕೆ ಬಂದರು. ಗುಮ್ಮಿ, ಕುಳ್ಳಿ, ಮತ್ತೆ ಎಲ್ಲರಿಗಿಂತ ಹಿರಿಯಳಾದ ದೊಡ್ಡವ್ವ. ಗಿರಣಿಯ ಪಾಲಿನ ಡ್ರಮ್ಮುಗಳನ್ನೂ ಇವರೇ ಹೊರುತ್ತಿದ್ದರು. ಗುಮ್ಮಿ ತನ್ನ ಡ್ರಮ್ಮನ್ನು ಡೇರೆಯ ಹಿಂದಿನ ಕಟ್ಟೆಗೆ ಎಳೆದಿಟ್ಟು ಕೂತುಬಿಟ್ಟಳು. ಉಳಿದಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನೇ, ಹೊತ್ತಾಯ್ತು," ಎಂದಳು ಕುಳ್ಳಿ.

"ಆಗ್ಲಿ. ನಾನಿವತ್ತು ಕೆರೆ ದಾರೀಲಿ ಹೋಗ್ತೀನಿ."

ದೊಡ್ಡವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ, ಹುಚ್ಚು ಹಿಡೀತಾ?"

"ಕತ್ತು ನೋಯ್ತಿದೆ ದೊಡ್ಡವ್ವ. ಮಾವನ ಕಲ್ಲಿನ ಮೇಲೆ ಇಳಿಸ್ಬೇಕು."

ದೊಡ್ಡವ್ವನೂ ಕಟ್ಟೆಯ ಮೇಲೆ ಕೂತಳು.

ಬಿಸಿಲು ಕೆರೆಗೆ ಇಳಿಯಿತು. ಅತಿಥಿಗಳು ಎದ್ದರು. ಕಲ್ಲಿನ ಸುತ್ತ ಹಾಸಿದ ಮೇಜುಗಳಲ್ಲಿ ತಿಂಡಿ ಬಡಿಸಿದರು. ನೀರು, ಬೆಟ್ಟ, ಮಂಜು ಎಲ್ಲ ಫೋಟೋಗೆ ಬೇಕಾದ ಹಾಗೇ ಇದ್ದವು. ಆಗ ಗುಮ್ಮಿ ಕಾಗದವನ್ನು ಮಡಚಿ ತಲೆಯ ಮೇಲಿಟ್ಟುಕೊಂಡಳು. ಅದರ ಮೇಲೆ ಸಿಂಬೆ. ಸಿಂಬೆಯ ಮೇಲೆ ಡ್ರಮ್ಮು. ಹೊರಟಳು.

ಮೊದಲು ನೋಡಿದವನು ಮೇಸ್ತ್ರಿ. "ಏ, ಎಲ್ಲಿಗೆ? ಆ ಕಡೆ ಹೋಗು! ಮುಖ ತಿರುಗಿಸೇ!"

ಗುಮ್ಮಿ ತಿರುಗಿಸಲಿಲ್ಲ. ಹೊರೆ ಹೊತ್ತವಳ ಕತ್ತು ಹೇಗೂ ತಿರುಗುವುದಿಲ್ಲ. ಇಷ್ಟು ದಿನ ನೋವು ನುಂಗಿ ತಿರುಗಿಸುತ್ತಿದ್ದಳು, ಇವತ್ತು ನುಂಗಲಿಲ್ಲ, ಅಷ್ಟೇ. ಮೇಸ್ತ್ರಿ ಅಡ್ಡ ಬಂದ. ಡ್ರಮ್ಮಿನ ಒಳಗೆ ಗುಳುಕ್ ಎಂದಿತು. ಅವನು ಪಕ್ಕಕ್ಕೆ ನೆಗೆದ.

ಕಲ್ಲಿನ ಕೆಳಗೆ ಗಂಡ ಹೆಂಡತಿ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡು ಫೋಟೋಗೆ ನಿಂತಿದ್ದರು.

"ಸ್ವಲ್ಪ ಸರೀರಿ. ಹೊರೆ ಇಳಿಸ್ಬೇಕು."

ಅವರು ಸರಿದರು. ಗುಮ್ಮಿ ಕಲ್ಲಿಗೆ ಒತ್ತಿ ನಿಂತಳು. ಕತ್ತು ಬಾಗಿಸಿದಳು. ಡ್ರಮ್ಮು ಚಪ್ಪಡಿಯ ಮೇಲೆ ಜಾರಿ ಕೂತಿತು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಮಾವ ಎಷ್ಟು ಸರಿಯಾಗಿ ಅಳೆದಿದ್ದನೆಂದು ಅವಳಿಗೆ ಆಗ ಮತ್ತೆ ಗೊತ್ತಾಯಿತು. ಅವಳ ಕಣ್ಣು ತುಂಬಿ ಬಂತು.

"ಏನಮ್ಮ ಅದು? ನೀರಾ?" ಎಂದು ಫೋಟೋದ ಹೆಂಗಸು ಕೇಳಿದಳು.

"ಅಲ್ಲ ಮೇಡಂ. ನಿಮ್ಮದೇ."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಗಾಳಿ ಬೀಸಿ ಅರ್ಥ ಮಾಡಿಸಿತು. ಮೇಜುಗಳಲ್ಲಿ ಚಮಚಗಳು ನಿಂತವು.

ಮ್ಯಾನೇಜರು ಓಡಿ ಬಂದರು. ಅತಿಥಿಗಳತ್ತ ನಗುತ್ತ, ಗುಮ್ಮಿಯತ್ತ ಹಲ್ಲು ಕಡಿಯುತ್ತ. ಎರಡನ್ನೂ ಒಂದೇ ಬಾಯಲ್ಲಿ ಮಾಡುವುದು ಅವರಿಗೆ ರೂಢಿಯಾಗಿತ್ತು.

"ಎತ್ತು. ಈಗಲೇ ಎತ್ತು."

"ಜೀಪು ಕಳಿಸಿ ಸಾರ್. ಎತ್ತೀನಿ."

"ಸಹಿ ಹಾಕಿದ್ಯಾ?"

ಗುಮ್ಮಿ ಸಿಂಬೆಯ ಅಡಿಯಿಂದ ಕಾಗದ ತೆಗೆದು ಕೊಟ್ಟಳು. ಬೆವರಿಗೆ ನೆನೆದಿತ್ತು. ಸಹಿಯ ಜಾಗ ಖಾಲಿಯಿತ್ತು. ಆಮೇಲೆ ಅವಳು ಬಾಯಿ ಬಿಟ್ಟಳು. ವರ್ಷಗಟ್ಟಲೆ ಬಳಸದ ದನಿ ಒಡೆದು ಒಡೆದು ಬಂತು, ಆದರೆ ಕೊನೆಯ ಮೇಜಿನವರೆಗೂ ಹೋಯಿತು.

"ನನ್ನ ನಾದಿನಿ ನಿಮ್ಮ ಡ್ರಮ್ಮು ಹೊತ್ತು ಹಿಂದಿನ ದಾರೀಲಿ ಬಿದ್ದಳು. ಸೊಂಟ ಮುರಿದು ಮಲಗಿದಾಳೆ. ನಾಲ್ಕು ದಿನ ಆಯ್ತು. ಜೀಪು ಐಸು ತರೋಕೆ ಹೋಗುತ್ತೆ. ಅವಳಿಗೆ ಬರಲ್ಲ. ಅವಳು ಸೌದೆಗೆ ಹೋಗಿ ಬಿದ್ದಳು ಅಂತ ನಾನು ಸುಳ್ಳು ಬರ್ಕೊಡ್ಬೇಕಂತೆ. ಕೊಡಲ್ಲ!"

ಒಬ್ಬರು ಮುದುಕರು ತಟ್ಟೆ ದೂರ ಸರಿಸಿ ಎದ್ದು ನಿಂತರು. ಹೆಚ್ಚಿನವರು ಏಳಲಿಲ್ಲ. "ತಿಂಡಿ ಹೊತ್ತಲ್ಲಿ ಇದೆಲ್ಲ ಏನು ಮ್ಯಾನೇಜರೇ?" ಎಂದೊಬ್ಬರು ಕೂಗಿದರು. ಮುರಿದ ಸೊಂಟ ಅವರ ಕಿವಿಗೆ ಬಿದ್ದಿರಲಿಲ್ಲ. ನಾತ ಮಾತ್ರ ಮೂಗಿಗೆ ಬಿದ್ದಿತ್ತು.

ಮ್ಯಾನೇಜರ ನಗು ಉದುರಿತು. "ನಿನ್ನ ಕೆಲಸ ಹೋಯ್ತು! ಈ ಕ್ಷಣದಿಂದ ನೀನು ಇಲ್ಲಿ ಯಾರೂ ಅಲ್ಲ! ಎತ್ಕೊಂಡು ಹೋಗು ಅದನ್ನ!"

ಗುಮ್ಮಿ ಆ ಮಾತನ್ನು ಒಳಗೇ ತಿರುಗಿಸಿ ನೋಡಿದಳು.

"ಕೆಲಸ ಹೋಯ್ತಾ ಸಾರ್?"

"ಹೋಯ್ತು!"

"ಹಾಗಾದ್ರೆ ಇದು ನನ್ನ ಹೊರೆ ಅಲ್ಲ."

ಅವಳು ಸಿಂಬೆ ಬಿಚ್ಚಿದಳು. ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು. ಅತಿಥಿಗಳ ಕೈತೊಳೆಯುವ ನಲ್ಲಿಗೆ ಹೋಗಿ, ಅವರ ಸೋಪಿನಲ್ಲಿ ಮೊಣಕೈವರೆಗೂ ತೊಳೆದಳು. ಯಾರೂ ತಡೆಯಲಿಲ್ಲ. ಅವಳು ತೊಳೆಯುತ್ತಿದ್ದಾಗ ದೊಡ್ಡವ್ವ ಬಂದಳು, ತಲೆಯ ಮೇಲೆ ಡ್ರಮ್ಮು. ಹಿಂದೆ ಕುಳ್ಳಿ, ತಲೆಯ ಮೇಲೆ ಡ್ರಮ್ಮು.

"ಸರೀಪ್ಪಾ, ಜಾಗ ಬಿಡು," ಎಂದಳು ದೊಡ್ಡವ್ವ ಮ್ಯಾನೇಜರಿಗೆ. ಕತ್ತು ಬಾಗಿಸಿದಳು. ಕುಳ್ಳಿಗೆ ಮಾತ್ರ ತುದಿಗಾಲಲ್ಲಿ ನಿಲ್ಲಬೇಕಾಯಿತು. ಹೆಬ್ಬಾಗಿಲಿನ ಮೇಲೆ ಮೂರು ಡ್ರಮ್ಮುಗಳು ಸಾಲಾಗಿ ಕೂತವು.

"ಎತ್ತೋ!" ಎಂದರು ಮ್ಯಾನೇಜರು ಮೇಸ್ತ್ರಿಗೆ.

ಮೇಸ್ತ್ರಿ ಕಲ್ಲಿನ ಹತ್ತಿರ ಹೋದ. ಒಂದು ಡ್ರಮ್ಮಿಗೆ ಎರಡು ಬೆರಳು ಮುಟ್ಟಿಸಿದ. ಹಿಂದೆ ಸರಿದ. "ನನಗೆ ಅಭ್ಯಾಸ ಇಲ್ಲ ಸಾರ್."

ಗೇಟಿನವನನ್ನು ಕರೆದರು. "ನಂದು ಗೇಟು ಸಾರ್." ಅಡುಗೆಯವನನ್ನು ಕರೆದರು. "ನಾನು ಅನ್ನ ಮುಟ್ಟೋನು ಸಾರ್." ಎಲ್ಲರಿಗೂ ಒಂದೊಂದು ಕೆಲಸವಿತ್ತು. ಕೊನೆಗೆ ಮ್ಯಾನೇಜರೇ ತೋಳು ಮಡಚಿದರು. ಚಪ್ಪಡಿಯ ಎತ್ತರಕ್ಕೆ ಕೈ ಚಾಚಿದರು. ಅದನ್ನು ಎಳೆದರೆ ಬರುವುದು ತಲೆಯ ಮೇಲಕ್ಕೆ ಎಂದು ಅವರಿಗೆ ಆಗ ಹೊಳೆಯಿತು. ಕೈ ಇಳಿಸಿದರು.

ಬಿಸಿಲೇರಿತು. ಡ್ರಮ್ಮು ಕಾದವು. ನೊಣ ಬಂದವು. ಒಂದೊಂದೇ ಮೇಜು ಖಾಲಿಯಾಯಿತು.

ಮುಕ್ಕಾಲು ಗಂಟೆಯ ಮೇಲೆ ಮ್ಯಾನೇಜರು ಜೀಪಿನ ಬೀಗದಕೈ ತರಿಸಿದರು. ಗುಮ್ಮಿ ಅಲ್ಲಾಡಲಿಲ್ಲ. "ಚೀಟಿ," ಎಂದಳು. ಗಿರಣಿ ಕೆಲಸದ ಹೊತ್ತಿನಲ್ಲಿ ದಾರಿಯಲ್ಲಿ ಬಿದ್ದಳೆಂದು ಅವರು ಅದೇ ಕಾಗದದ ಹಿಂದೆ ಬರೆದು ಸಹಿ ಹಾಕಿದರು. ಅವಳು ಎರಡು ಸಲ ಓದಿದಳು.

"ದಾರೀಲಿ ಅಂತ ಬರೆದಿದ್ದೀರಿ. ಹಿಂದಿನ ದಾರೀಲಿ, ಡ್ರಮ್ಮು ಹೊತ್ತು ಹೋಗುವಾಗ, ಅಂತ ಬರೀರಿ."

ಬರೆದರು.

"ಕೆಲಸ ವಾಪಸ್ ಕೊಡ್ತೀನಿ. ಈಗ ಎತ್ತು," ಎಂದರು ಮೆಲ್ಲಗೆ.

"ಯೋಚನೆ ಮಾಡ್ತೀನಿ ಸಾರ್. ಬೆಳಗ್ಗೆವರೆಗೂ ಟೈಮ್ ಕೊಡಿ."

ದೊಡ್ಡವ್ವ, ಕುಳ್ಳಿ ಸೇರಿ ಗಿರಣಿಯನ್ನು ಹಲಗೆಯ ಸಮೇತ ಜೀಪಿನಲ್ಲಿ ಮಲಗಿಸಿದರು. ಗುಮ್ಮಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪೇಟೆಗೆ ಇಳಿಯುವ ಜೀಪಿನ ರಸ್ತೆ ಬೆಟ್ಟದ ಇನ್ನೊಂದು ಬದಿಗಿತ್ತು, ಪಾರ್ಕಿನೊಳಗೆ ಕೆರೆಯ ಸುತ್ತ ಹಾದು ಹೋಗಬೇಕಿತ್ತು. ಮಲಗಿದವಳಿಗೆ ಕೆರೆ ಕಾಣುತ್ತಿರಲಿಲ್ಲ. ಆಕಾಶ ಕಾಣುತ್ತಿತ್ತು, ಗುಮ್ಮಿಯ ಗದ್ದ ಕಾಣುತ್ತಿತ್ತು. ಕಲ್ಲಿನ ಹತ್ತಿರ ಬಂದಾಗ ಗಿರಣಿ ಮೂಗು ಅರಳಿಸಿದಳು.

"ಏನೇ ಅತ್ತಿಗೆ ಇದು ನಾತ?"

"ನಮ್ಮ ಹೊರೆ. ಇಳಿಸಿದೀವಿ."

"ಎಲ್ಲಿ?"

"ನಿಮ್ಮಪ್ಪನ ಕಲ್ಲಿನ ಮೇಲೆ."

ಗಿರಣಿಗೆ ನಗು ಬಂತು. ನಕ್ಕರೆ ಸೊಂಟ ಕಿತ್ತು ಬರುವಷ್ಟು ನೋವು. ನೋವಿಗೆ ಬೈದಳು, ಜೀಪಿಗೆ ಬೈದಳು, ರಸ್ತೆಗೆ ಬೈದಳು, ಮತ್ತೆ ನಕ್ಕಳು. ಕಣ್ಣೀರು ಕಿವಿಗೆ ಇಳಿಯಿತು. ಗುಮ್ಮಿ ಅದನ್ನು ಸಿಂಬೆಯ ಬಟ್ಟೆಯಲ್ಲೇ ಒರೆಸಿದಳು.

"ಅಲ್ಲಾ, ಈಗ ಅದನ್ನ ಎತ್ತೋರ್ಯಾರು?"

"ತಿಂದೋರು ಎತ್ಲಿ ಬಿಡು," ಎಂದಳು ಗುಮ್ಮಿ.